ಕೆಂಗೇರಿಯಿಂದ ಏರ್‌ಪೋರ್ಟಿಗೆ: ಹೋಗೋದು ಬೇರೆ, ಬರೋದು ಬೇರೆ

ಕೆಂಗೇರಿ ಉಪನಗರದವರಿಗೆ ದೆಹಲಿ ದೂರ ಅಲ್ಲ, ದೇವನಹಳ್ಳಿ ದೂರ. ಚೆನ್ನೈಗೋ ಹೈದರಾಬಾದಿಗೋ ವಿಮಾನ ಹಾರುವುದು ಒಂದು ಗಂಟೆ ಚಿಲ್ಲರೆ. ಆ ವಿಮಾನದ ಬಾಗಿಲಿಗೆ ಹೋಗಿ ಸೇರುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಊರಿನ ನೈಋತ್ಯ ಮೂಲೆಯಲ್ಲಿ ನಾವು, ಉತ್ತರದ ತುದಿ ದಾಟಿ ಆಚೆ ಏರ್‌ಪೋರ್ಟು, ಮಧ್ಯೆ ಇಡೀ ಬೆಂಗಳೂರು. ಸುಮಾರು 50 ಕಿಲೋಮೀಟರ್ ಆಗುತ್ತದೆ. ಆದರೆ ಈ ಊರಲ್ಲಿ ದೂರವನ್ನ ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಒಂದು ಗಂಟೆ ಕಾಲು. ಸಂಜೆ ಆರಕ್ಕೆ ಹೊರಟರೆ ಎರಡೂವರೆ, ಮಳೆ ಬಂದರೆ ದೇವರೇ ಗತಿ.

ಏರ್‌ಪೋರ್ಟಿಗೆ ಹೇಗೆ ಹೋಗುವುದು ಒಳ್ಳೇದು ಅಂತ ಆಫೀಸಿನವರು, ನೆಂಟರು, ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಎಲ್ಲ ಕೇಳುತ್ತಿರುತ್ತಾರೆ. ನಾನು ತಿರುಗಿ ಕೇಳುವುದು ಎರಡೇ. ಹೋಗೋದಾ, ಬರೋದಾ? ಎಷ್ಟು ಹೊತ್ತಿಗೆ? ಜನ ಸಾಮಾನ್ಯವಾಗಿ ಎರಡಕ್ಕೂ ಒಂದೇ ವ್ಯವಸ್ಥೆ ಮಾಡಿಕೊಳ್ಳುತ್ತಾರೆ. ಕ್ಯಾಬ್ ಅಂದರೆ ಎರಡೂ ಕಡೆ ಕ್ಯಾಬ್, ಬಸ್ ಅಂದರೆ ಎರಡೂ ಕಡೆ ಬಸ್. ನನಗೆ ಅದು ಸರಿ ಅನ್ನಿಸುವುದಿಲ್ಲ. ಹೋಗುವಾಗ ಬೇಕಾಗಿರುವುದು ಗ್ಯಾರಂಟಿ, ಯಾಕೆಂದರೆ ಹತ್ತು ನಿಮಿಷ ತಡವಾದರೂ ಕೌಂಟರ್ ಮುಚ್ಚಿರುತ್ತದೆ. ಬರುವಾಗ ಯಾರು ಅಟ್ಟಿಸಿಕೊಂಡು ಬರುತ್ತಾರೆ? ಅರ್ಧ ಗಂಟೆ ಹೆಚ್ಚು ಕಮ್ಮಿಯಾದರೆ ಮನೆಯಲ್ಲಿ ಸಾರು ಆರುತ್ತೆ, ಅಷ್ಟೇ. ಆಗ ನೋಡಬೇಕಾದದ್ದು ದುಡ್ಡು, ಬೆನ್ನು, ನಿದ್ದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಇವು ಎರಡು ಬೇರೆ ಬೇರೆ ಪ್ರಯಾಣಗಳು.

2008ರ ಮೇ ತಿಂಗಳಲ್ಲಿ ಎಚ್‌ಎಎಲ್ ಏರ್‌ಪೋರ್ಟಿನಿಂದ ದೇವನಹಳ್ಳಿಗೆ ಎಲ್ಲ ಬದಲಾದಾಗ ಊರೆಲ್ಲ ಗೊಣಗಿತು. ನಮ್ಮ ಕಡೆಯವರು ಸ್ವಲ್ಪ ಜಾಸ್ತಿಯೇ ಗೊಣಗಿದೆವು. ಎಚ್‌ಎಎಲ್ ಕೂಡ ನಮಗೆ ಹತ್ತಿರ ಏನಲ್ಲ, ಆದರೆ ಆಟೋದವನು ಬರುತ್ತಿದ್ದ. ಮಜಾ ಏನೆಂದರೆ ಬೆಂಗಳೂರಿನಲ್ಲಿ ಹೆಸರಿನ ಜೊತೆಗೇ ‘ಉಪನಗರ’ ಅಂಟಿಸಿಕೊಂಡ ಬಡಾವಣೆಗಳಲ್ಲಿ ಎರಡು ಎಲ್ಲರ ಬಾಯಲ್ಲೂ ಇವೆ. ಒಂದು ನಮ್ಮ ಕೆಂಗೇರಿ, ಇನ್ನೊಂದು ಯಲಹಂಕ. ಆ ಕಾಲಕ್ಕೆ ಎರಡೂ ‘ಅಯ್ಯೋ ಅಷ್ಟು ದೂರಾನಾ’ ಅನ್ನಿಸಿಕೊಳ್ಳುತ್ತಿದ್ದ ಜಾಗಗಳೇ. ಏರ್‌ಪೋರ್ಟ್ ಬಂದ ಮೇಲೆ ಯಲಹಂಕದವರ ಅದೃಷ್ಟ ಖುಲಾಯಿಸಿತು. ನಮ್ಮ ದೊಡ್ಡಪ್ಪನ ಮಗಳು ಅಕ್ಕ ಅಲ್ಲಿದ್ದಾಳೆ. ವಿಮಾನ ಹತ್ತುವ ದಿನವೂ ಬೆಳಗ್ಗೆ ಎದ್ದು ತಿಂಡಿ ಮಾಡಿ, ಪಾತ್ರೆ ತೊಳೆದು, ಆರಾಮಾಗಿ ಹೊರಡುತ್ತಾಳೆ. ಅದನ್ನ ಫೋನಿನಲ್ಲಿ ಹೇಳುವಾಗ ದನಿಯಲ್ಲಿ ಒಂದು ಗತ್ತು ಇರುತ್ತೆ.

ಸರಿ, ವಿಷಯಕ್ಕೆ ಬರೋಣ. ಹಗಲು ಹೊತ್ತಿನ ವಿಮಾನ, ಅಂದರೆ ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರ ತನಕದ್ದು ಅಂದುಕೊಳ್ಳಿ. ಅದಕ್ಕೆ ಹೋಗಲು ನಮ್ಮ ಕಡೆಯಿಂದ ಮೆಟ್ರೊ ಮತ್ತು ವಾಯುವಜ್ರ, ಅಂದರೆ ಬಿಎಂಟಿಸಿಯ ಏರ್‌ಪೋರ್ಟ್ ಬಸ್ಸು, ಇವೇ ಸರಿಯಾದ ಜೋಡಿ. 2021ರ ಆಗಸ್ಟ್ ಕೊನೆಯಲ್ಲಿ ನೇರಳೆ ಮಾರ್ಗ ಕೆಂಗೇರಿಗೆ ಬಂತು. ಅದಕ್ಕಿಂತ ಮುಂಚೆ ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟುವುದೇ ಒಂದು ಯಾತ್ರೆ. ಈಗ ಅದು ಕಾಲ ಕೆಳಗೆ ಉಳಿಯಿತು. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೆ ವಿಸ್ತರಿಸಿದ ಮೇಲೆ ರೈಲು ಅಲ್ಲಿಂದ ಹೊರಟು ಬರುತ್ತದೆ, ಆದರೂ ಕೆಂಗೇರಿಯಲ್ಲಿ ಹತ್ತುವವರಿಗೆ ಸೀಟು ಸಿಗುತ್ತದೆ. ಮೂಲೆಯ ಸೀಟು ಹಿಡಿದು, ಸೂಟ್‌ಕೇಸನ್ನ ಮೊಣಕಾಲಿನ ಮಧ್ಯೆ ಸಿಕ್ಕಿಸಿಕೊಂಡರೆ ಮೆಜೆಸ್ಟಿಕ್‌ವರೆಗೆ ಅರ್ಧ ಗಂಟೆ ಚಿಲ್ಲರೆ, ಯಾವ ಸಿಗ್ನಲ್ಲಿಗೂ ಕೈ ಮುಗಿಯಬೇಕಿಲ್ಲ. ಒಂದೇ ಎಚ್ಚರಿಕೆ, ಬೆಳಗ್ಗೆ ಎಂಟೂವರೆಯಿಂದ ಹತ್ತರ ನಡುವೆ ದೊಡ್ಡ ಪೆಟ್ಟಿಗೆ ತಗೊಂಡು ಹತ್ತಬೇಡಿ. ವಿಜಯನಗರ ಬರುವ ಹೊತ್ತಿಗೆ ನಿಮ್ಮ ಪೆಟ್ಟಿಗೆಯ ಮೇಲೆ ಯಾರದೋ ಲ್ಯಾಪ್‌ಟಾಪ್ ಬ್ಯಾಗು, ಅದರ ಮೇಲೆ ಇನ್ಯಾರದೋ ಊಟದ ಡಬ್ಬಿ ಕೂತಿರುತ್ತದೆ. ಇಳಿಯುವಾಗ ಎಲ್ಲರ ಬೈಗುಳವೂ ನಿಮಗೇ.

ಮೆಜೆಸ್ಟಿಕ್‌ನಲ್ಲಿ ಇಳಿಯುವುದು ನಾಡಪ್ರಭು ಕೆಂಪೇಗೌಡ ಮೆಟ್ರೊ ನಿಲ್ದಾಣದಲ್ಲಿ. ಅಲ್ಲಿಂದ ನಡೆದು ಹೋಗುವುದು ಕೆಂಪೇಗೌಡ ಬಸ್ ನಿಲ್ದಾಣಕ್ಕೆ. ಬಸ್ಸು ಕರೆದುಕೊಂಡು ಹೋಗುವುದು ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ. ಹೊರ ಊರಿನವರಿಗೆ ಫೋನಿನಲ್ಲಿ ದಾರಿ ಹೇಳಿ ನೋಡಿ, ಮೂರನೇ ಸಲ ಕೆಂಪೇಗೌಡ ಅಂದಾಗ ಆ ಕಡೆ ನಗು ಕೇಳಿಸುತ್ತೆ. ಯಲಹಂಕದ ನಾಡಪ್ರಭು ಊರು ಕಟ್ಟಿಸಿದವರು, ಅವರ ಹೆಸರು ಎಲ್ಲ ಕಡೆ ಇರಲಿ ಬಿಡಿ. ಆದರೆ ಮೆಟ್ರೊ ನಿಲ್ದಾಣದ ಒಳಗಿನ ನಡಿಗೆ ಕಡಿಮೆ ಏನಿಲ್ಲ. ಎರಡು ಮಾರ್ಗ ಕೂಡುವ ಜಾಗ, ಎಸ್ಕಲೇಟರ್ ಮೇಲೆ ಎಸ್ಕಲೇಟರು. ವಯಸ್ಸಾದವರಿದ್ದರೆ ಲಿಫ್ಟ್ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಬಿಎಂಟಿಸಿ ಬಸ್ ನಿಲ್ದಾಣದ ಕಡೆಯ ದ್ವಾರದಲ್ಲೇ ಹೊರಗೆ ಬನ್ನಿ. ತಪ್ಪಿ ರೈಲ್ವೆ ಸ್ಟೇಷನ್ ಕಡೆ ಹೋದರೆ ಪೆಟ್ಟಿಗೆ ಎಳೆದುಕೊಂಡು ರಸ್ತೆ ದಾಟುವ ಕರ್ಮ.

ಅಲ್ಲಿ ಹತ್ತಬೇಕಾದದ್ದು ಕೆಐಎ-9 ಬಸ್ಸು. ವಾಯುವಜ್ರದ ಬೇರೆ ಮಾರ್ಗಗಳೂ ಇವೆ, ಎಲೆಕ್ಟ್ರಾನಿಕ್ ಸಿಟಿಯವರಿಗೆ ಕೆಐಎ-8 ಇದೆ, ಬನಶಂಕರಿ ಕಡೆಯಿಂದಲೂ ಬಸ್ಸು ಹೊರಡುತ್ತದೆ. ನಮ್ಮ ಪಕ್ಕದ ಉತ್ತರಹಳ್ಳಿಯವರು ಬನಶಂಕರಿಯೇ ಹತ್ತಿರ ಅನ್ನುತ್ತಾರೆ. ನನಗೆ ಮೆಜೆಸ್ಟಿಕ್ಕೇ ವಾಸಿ. ಒಂದು ಬಸ್ಸು ತಪ್ಪಿದರೆ ಇನ್ನೊಂದು ಬರುತ್ತೆ ಅನ್ನುವ ಧೈರ್ಯ ಅಲ್ಲಿ ಇರುವಷ್ಟು ಬೇರೆ ಕಡೆ ಇಲ್ಲ. ಮೆಟ್ರೊ, ಬಸ್ಸು ಎರಡೂ ಸೇರಿ ನಾನೂರರ ಒಳಗೆ ಮುಗಿಯುತ್ತದೆ. ಕ್ಯಾಬಿಗೆ ಸಾವಿರದ ಮೇಲೆ ಎಷ್ಟು ಅನ್ನುವುದು ಆ ಹೊತ್ತಿನ ಗ್ರಹಚಾರ.

ಬಸ್ಸಿನ ಒಳಗೆ ಒಂದು ಸಣ್ಣ ಕಲೆ ಇದೆ. ಪೆಟ್ಟಿಗೆ ಇಡುವ ಕಂಬಿಯ ಜಾಗದಲ್ಲಿ ಹೊಸಬರು ಪೆಟ್ಟಿಗೆಯನ್ನ ನಿಲ್ಲಿಸಿ ಹೋಗಿ ಕೂತುಬಿಡುತ್ತಾರೆ. ಮೇಖ್ರಿ ಸರ್ಕಲ್ ಹತ್ತಿರ ಡ್ರೈವರ್ ಬ್ರೇಕ್ ಹಾಕಿದ ತಕ್ಷಣ ನಾಲ್ಕು ಚಕ್ರದ ಪೆಟ್ಟಿಗೆ ಹೊರಟೇಬಿಡುತ್ತೆ, ಸೀದಾ ಬಾಗಿಲ ತನಕ. ಅದರ ಹಿಂದೆ ಮಾಲೀಕರು. ಕಂಡಕ್ಟರ್ ಟಿಕೆಟ್ ಮಷೀನನ್ನ ಒಂದು ಕೈಯಲ್ಲಿ ಹಿಡಿದುಕೊಂಡೇ ಕಾಲು ಅಡ್ಡ ಇಟ್ಟು ಅದನ್ನ ನಿಲ್ಲಿಸುತ್ತಾರೆ, ಮುಖ ಕೂಡ ಎತ್ತುವುದಿಲ್ಲ. “ಮಲಗ್ಸಿ ಸಾರ್ ಅದನ್ನ, ಮಲಗ್ಸಿ.” ಮಲಗಿಸಿದರೆ ಎಲ್ಲೂ ಹೋಗಲ್ಲ. ಆಮೇಲೆ ಅವರ ಮುಂದಿನ ಪ್ರಶ್ನೆ, “ಟಿ ಒನ್ನಾ, ಟಿ ಟೂನಾ?” ಇದಕ್ಕೆ ಉತ್ತರ ಗೊತ್ತಿಲ್ಲದೆ ಅರ್ಧ ಬಸ್ಸು ಫೋನ್ ತೆಗೆದು ಟಿಕೆಟ್ ಹುಡುಕುತ್ತದೆ. 2023ರ ಸೆಪ್ಟೆಂಬರಿನಿಂದ ವಿದೇಶಕ್ಕೆ ಹೋಗುವ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿನಿಂದ, ಅದರಲ್ಲಿ ಗೊಂದಲ ಇಲ್ಲ. ದೇಶದೊಳಗಿನವು ಮಾತ್ರ ಕಂಪನಿಯ ಮೇಲೆ ಹೋಗುತ್ತವೆ. ಮನೆಯಲ್ಲೇ ನೋಡಿಕೊಂಡು ಹೊರಡುವುದು ಒಳ್ಳೇದು.

ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ. ನಮ್ಮ ಅಮ್ಮ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ಈ ಬಸ್ ಹತ್ತಿದ್ದರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವರಿಗೆ ಬಸ್ಸು ಅಂದರೆ ಆಧಾರ್ ಕಾರ್ಡು. ವಾಯುವಜ್ರ ಎಸಿ ಬಸ್ಸು, ಅದಕ್ಕೆ ಶಕ್ತಿ ಇಲ್ಲ. “ಅಮ್ಮಾ, ಇದಕ್ಕೆ ದುಡ್ಡು ಕೊಡ್ಬೇಕಮ್ಮಾ” ಅಂತ ಕಂಡಕ್ಟರ್ ಮೆತ್ತಗೆ ಹೇಳಿದರು. ಅಮ್ಮ ದುಡ್ಡು ಕೊಟ್ಟರು, ಹೆಬ್ಬಾಳ ಬರುವವರೆಗೂ ಆ ಟಿಕೆಟ್ಟನ್ನೇ ನೋಡುತ್ತಿದ್ದರು. “ಈ ದುಡ್ಡಲ್ಲಿ ಧರ್ಮಸ್ಥಳಕ್ಕೇ ಹೋಗ್ಬಹುದಿತ್ತಲ್ಲೋ.” ಶಕ್ತಿ ಬರುವ ಮುಂಚಿನ ರೇಟು ಅದು ಅಂತ ನಾನು ನೆನಪಿಸಲು ಹೋಗಲಿಲ್ಲ.

ಹೆಬ್ಬಾಳದ ಬಗ್ಗೆ ಹೇಳದೆ ಏರ್‌ಪೋರ್ಟ್ ಬಗ್ಗೆ ಬರೆಯೋಕಾಗಲ್ಲ. ನಗರದಿಂದ ಬರುವ ಬಳ್ಳಾರಿ ರಸ್ತೆ, ತುಮಕೂರು ರಸ್ತೆ ಕಡೆಯಿಂದ ಬರುವ ಹೊರವರ್ತುಲ ರಸ್ತೆ, ಕೆ.ಆರ್. ಪುರದ ಕಡೆಯಿಂದ ಬರುವ ಅದೇ ವರ್ತುಲದ ಇನ್ನೊಂದು ತೋಳು, ಎಲ್ಲ ಬಂದು ಒಂದೇ ಮೇಲ್ಸೇತುವೆಯ ಬುಡದಲ್ಲಿ ಸೇರುತ್ತವೆ. ನಾಲ್ಕೂ ಕಡೆಯ ನೀರು ಒಂದೇ ಬಚ್ಚಲ ತೂತಿಗೆ ಬಿಟ್ಟ ಹಾಗೆ. 2025ರ ಆಗಸ್ಟ್‌ನಲ್ಲಿ ಅಲ್ಲಿ ಹೊಸ ಲೂಪ್ ತೆರೆದರು. ಅದು ಕೆ.ಆರ್. ಪುರದ ಕಡೆಯಿಂದ ಬಂದು ಮೇಖ್ರಿ ಸರ್ಕಲ್ ಕಡೆಗೆ ಹೋಗುವವರಿಗೆ. ನಮಗೆ ಅದರಿಂದ ಸಿಗುವುದು ಪರೋಕ್ಷ ಲಾಭ, ಬುಡದಲ್ಲಿ ಕಾಯುವವರು ಸ್ವಲ್ಪ ಕಡಿಮೆಯಾದರೆ ಅಷ್ಟು. ಹೆಬ್ಬಾಳ ದಾಟಿ ಎತ್ತರದ ರಸ್ತೆ ಹತ್ತಿದಿರೋ, ಆಮೇಲೆ ವಿಮಾನ ಸಿಕ್ಕಿತು ಅಂತಲೇ ಲೆಕ್ಕ. ಹಾಗಾಗಿ ನಾನು ಸಮಯ ಲೆಕ್ಕ ಹಾಕುವುದು ಏರ್‌ಪೋರ್ಟಿಗಲ್ಲ, ಹೆಬ್ಬಾಳಕ್ಕೆ. ಹೆಬ್ಬಾಳವನ್ನ ವಿಮಾನದ ಹೊತ್ತಿಗಿಂತ ಎರಡೂವರೆ ಗಂಟೆ ಮೊದಲು ದಾಟಿರಬೇಕು, ವಿದೇಶದ್ದಾದರೆ ಇನ್ನೂ ಒಂದು ಗಂಟೆ ಸೇರಿಸಿ. ಅಷ್ಟು ಇಟ್ಟುಕೊಂಡರೆ ಎದೆ ಹೊಡೆದುಕೊಳ್ಳುವುದಿಲ್ಲ.

ಆ ರಸ್ತೆಗೆ ಅದರದ್ದೇ ಆದ ಪಂಚಾಂಗ ಬೇರೆ ಇದೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತದೆ. ಆ ವಾರ ಬಳ್ಳಾರಿ ರಸ್ತೆಯಲ್ಲಿ ತಲೆ ಎತ್ತಿ ನೋಡಿಕೊಂಡು ಗಾಡಿ ಓಡಿಸುವವರೇ ಎಲ್ಲರೂ. ಪ್ರದರ್ಶನದ ಹೊತ್ತಿಗೆ ಏರ್‌ಪೋರ್ಟಿನ ವಿಮಾನಗಳನ್ನೂ ಕೆಲವು ಗಂಟೆ ನಿಲ್ಲಿಸುತ್ತಾರೆ. ಶನಿವಾರ, ಭಾನುವಾರ ಬೆಳಗಿನ ಜಾವ ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋಗುವವರ ಬೈಕು, ಕಾರು. ನಾಲ್ಕು ಗಂಟೆಗೆ ರಸ್ತೆ ಖಾಲಿ ಇರುತ್ತೆ ಅಂದುಕೊಂಡು ಹೊರಟವರಿಗೆ ಸಾದಹಳ್ಳಿ ಟೋಲ್ ಹತ್ತಿರ ಜಾತ್ರೆ. ಇನ್ನು ಮಳೆ. 2021ರ ಅಕ್ಟೋಬರಿನ ಒಂದು ರಾತ್ರಿ ಸುರಿದ ಮಳೆಗೆ ಟರ್ಮಿನಲ್ ಮುಂದಿನ ರಸ್ತೆಯೇ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಒಳಗೆ ಹೋದ ವಿಡಿಯೊ ನೀವೂ ನೋಡಿರುತ್ತೀರಿ. ದೇವನಹಳ್ಳಿಯ ರೈತರ ಟ್ರ್ಯಾಕ್ಟರು ಅವತ್ತು ವಿಮಾನಕ್ಕೆ ಜನ ಸಾಗಿಸಿತು, ಅಲ್ವಾ.

ಈಗ ಕಷ್ಟದ ಭಾಗ. ಬೆಳಗ್ಗೆ ಐದೂವರೆ, ಆರೂವರೆಯ ವಿಮಾನ. ಟಿಕೆಟ್ ಅಗ್ಗ ಅಂತ ಎಲ್ಲರೂ ಅದನ್ನೇ ತೆಗೆಯುತ್ತಾರೆ. ಮೆಟ್ರೊ ಶುರುವಾಗುವುದು ಐದಕ್ಕೆ, ಭಾನುವಾರ ಏಳಕ್ಕೆ. 2025ರ ಜನವರಿಯಿಂದ ಸೋಮವಾರ ಮಾತ್ರ ನಾಲ್ಕೂಕಾಲಿಗೆ ಮೊದಲ ರೈಲು, ಭಾನುವಾರ ರಾತ್ರಿ ಊರಿಂದ ಬಸ್ಸಿನಲ್ಲಿ ಹೊರಟು ಬಂದು ಇಳಿಯುವವರಿಗೆ ಅನುಕೂಲ ಆಗಲಿ ಅಂತ. ನಾಲ್ಕೂಕಾಲಾದರೂ ಆರೂವರೆಯ ವಿಮಾನಕ್ಕೆ ಸಾಲದು. ಆಗ ಉಳಿಯುವುದು ಕ್ಯಾಬು.

ರಾತ್ರಿ ಎರಡೂವರೆಗೆ ಆ್ಯಪಿನಲ್ಲಿ ಕ್ಯಾಬ್ ಬುಕ್ ಮಾಡಿ ಏರ್‌ಪೋರ್ಟಿಗೆ ಹೋಗುತ್ತೇನೆ ಅನ್ನುವವರ ಧೈರ್ಯ ಮೆಚ್ಚಬೇಕು. ನಕ್ಷೆಯಲ್ಲಿ ಪುಟ್ಟ ಕಾರು ಕಾಣಿಸುತ್ತೆ. ಫೋನ್ ಬರುತ್ತೆ. “ಎಲ್ಲಿಗ್ ಸಾರ್ ಡ್ರಾಪು? ಕ್ಯಾಶಾ, ಆನ್‌ಲೈನಾ?” ಹೇಳುತ್ತೀರಿ. “ಬರ್ತಾ ಇದೀನಿ ಸಾರ್.” ಕಾರು ಅಲ್ಲೇ ಇರುತ್ತೆ, ರಾಜರಾಜೇಶ್ವರಿ ನಗರದ ಕಮಾನಿನ ಹತ್ತಿರ, ಅಲ್ಲಾಡುವುದಿಲ್ಲ. ನೀವಾಗಿಯೇ ಕ್ಯಾನ್ಸಲ್ ಮಾಡಲಿ ಅಂತ ಆತ ಕಾಯುತ್ತಿರುತ್ತಾನೆ, ಆತನೇ ಮಾಡಲಿ ಅಂತ ನೀವು. ಹಿಂದಿನ ದಿನವೇ ಬುಕ್ ಮಾಡಿದ್ದರೂ ಇದೇ ಕಥೆ ಆಗಬಹುದು, ಮೊದಲೇ ಬುಕ್ ಮಾಡಿದ ಮಾತ್ರಕ್ಕೆ ಡ್ರೈವರ್ ಎದ್ದಿರುತ್ತಾನೆ ಅಂತ ಏನಿಲ್ಲವಲ್ಲ.

ಇದರಲ್ಲಿ ಡ್ರೈವರುಗಳದ್ದೂ ಒಂದು ನ್ಯಾಯ ಇದೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರು ಡ್ರೈವರ್ ಇದ್ದಾರೆ, ಮಂಡ್ಯದ ಕಡೆಯವರು, ಎಲ್ಲರಿಗೂ ಅಣ್ಣ. ಅವರನ್ನೇ ಕೇಳಿದೆ, ಏರ್‌ಪೋರ್ಟ್ ಅಂದರೆ ಒಳ್ಳೇ ಬಾಡಿಗೆ, ಯಾಕೆ ಬರಲ್ಲ ಅಂತ. “ಹೋಗೋ ಬಾಡಿಗೆ ಚೆನ್ನಾಗೈತೆ ಸಾರ್. ಬಿಟ್ಟ್‌ಮೇಲೆ? ಅಲ್ಲಿ ಪಾರ್ಕಿಂಗಲ್ಲಿ ಸರತಿ. ಎರಡು ಗಂಟೆನೋ ಮೂರು ಗಂಟೆನೋ ಕಾಯಬೇಕು. ಕಾದು ಸಿಕ್ಕಿದ್ದು ವೈಟ್‌ಫೀಲ್ಡು ಅಂದ್ರೆ, ಅಲ್ಲಿಂದ ನಾನು ಕೆಂಗೇರಿಗೆ ಬರೋದ್ರೊಳಗೆ ಮಧ್ಯಾಹ್ನ. ಖಾಲಿ ಬಂದ್ರೆ ಗ್ಯಾಸು, ಟೋಲು ಯಾರು ಕೊಡ್ತಾರೆ?” ಅಂದರೆ ನಮ್ಮ ಮೂಲೆಯೇ ಅವರಿಗೆ ತೊಂದರೆ. ಹೆಬ್ಬಾಳದವನನ್ನು ಬಿಟ್ಟು ಬಂದರೆ ಅರ್ಧ ಗಂಟೆಯಲ್ಲಿ ಮತ್ತೆ ಊರೊಳಗೆ ಇರಬಹುದು. ನಮ್ಮನ್ನು ಬಿಟ್ಟರೆ ಅರ್ಧ ದಿನ ಹೋಯಿತು.

ಅದಕ್ಕೇ ಬೆಳಗಿನ ವಿಮಾನಕ್ಕೆ ನನ್ನ ಉತ್ತರ ಒಂದೇ, ಗುರುತಿನ ಡ್ರೈವರ್. ಹೋಗೋಕಷ್ಟೇ. ಎರಡು ದಿನ ಮುಂಚೆ ಫೋನು, ಹಿಂದಿನ ರಾತ್ರಿ ಇನ್ನೊಂದು ಫೋನು, ರೇಟು ಮೊದಲೇ ಮಾತಾಡಿಕೊಂಡಿರುವುದು. ಆ್ಯಪಿಗಿಂತ ಇನ್ನೂರೋ ಮುನ್ನೂರೋ ಜಾಸ್ತಿ ಆಗುತ್ತೆ, ಆಗಲಿ. “ಆರೂವರೆ ಫ್ಲೈಟಾ ಸಾರ್? ಹಂಗಾದ್ರೆ ಮೂರಕ್ಕೆ ಬಿಡಣ.” ಮೂರಕ್ಕೆ ಐದು ನಿಮಿಷ ಇರುವಾಗ ಗೇಟಿನ ಮುಂದೆ ಗಾಡಿ ನಿಂತಿರುತ್ತೆ, ಹಣೆಗೆ ಕುಂಕುಮ, ಡ್ಯಾಶ್‌ಬೋರ್ಡಿನ ಮೇಲೆ ಅಗರಬತ್ತಿ ಹೊಗೆ. ಹಾರ್ನ್ ಮಾಡುವುದಿಲ್ಲ, ಬೀದಿ ಮಲಗಿದೆ ಅಂತ. ಆ ಮುನ್ನೂರು ರೂಪಾಯಿ ಕೊಟ್ಟು ನಾನು ಕೊಂಡದ್ದು ಹಿಂದಿನ ರಾತ್ರಿಯ ನಿದ್ದೆ.

ದಾರಿ ಯಾವುದು ಅನ್ನುವುದನ್ನ ಅವರಿಗೇ ಬಿಡಿ. ನೈಸ್ ರಸ್ತೆ ಹಿಡಿದು ಮಾದಾವರದ ಹತ್ತಿರ ತುಮಕೂರು ರಸ್ತೆಗೆ ಬಿದ್ದು, ಜಾಲಹಳ್ಳಿ ಕ್ರಾಸಿನಿಂದ ಗಂಗಮ್ಮನ ಗುಡಿ ಕಡೆಯಾಗಿ ಯಲಹಂಕಕ್ಕೆ ಹೋದರೆ ಹೆಬ್ಬಾಳವೇ ಸಿಗುವುದಿಲ್ಲ. ಟೋಲ್ ಜಾಸ್ತಿ, ಆದರೆ ಹಗಲು ಹೊತ್ತಿನಲ್ಲಿ ಕೆಲವೊಮ್ಮೆ ಇದೇ ವಾಸಿ. ಬೆಳಗಿನ ಜಾವ ಮೂರಕ್ಕೆ ಊರೊಳಗಿನ ದಾರಿಯೇ ಬೇಗ, ಸಿಗ್ನಲ್ಲುಗಳೆಲ್ಲ ಹಳದಿ ಮಿಟುಕಿಸುತ್ತಿರುತ್ತವೆ. ಬೈಕಿನಲ್ಲಿ ಯಾರಾದರೂ ಬಿಟ್ಟು ಬರುತ್ತೇನೆ ಅಂದರೆ ಒಂದು ನೆನಪಿರಲಿ, ನೈಸ್ ರಸ್ತೆಯಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ, 2022ರಿಂದ ಹಾಗೆ.

ಇದ್ಯಾವುದೂ ಬೇಡ ಅನ್ನುವವರು ನಮ್ಮಲ್ಲಿ ಮಾಡುವ ಇನ್ನೊಂದು ಉಪಾಯ ಇದೆ. ಹಿಂದಿನ ರಾತ್ರಿ ಯಲಹಂಕದಲ್ಲೋ ಸಹಕಾರನಗರದಲ್ಲೋ ಇರುವ ನೆಂಟರ ಮನೆಯಲ್ಲಿ ಮಲಗುವುದು. ನಮ್ಮ ಅಕ್ಕನ ಮನೆಯ ಹಾಲಿನ ದಿವಾನ ಈ ಕುಟುಂಬದ ಎಷ್ಟು ಜನರ ವಿಮಾನ ಹಿಡಿಸಿದೆಯೋ. ಅಕ್ಕ ಚಪಾತಿ ಕಟ್ಟಿಕೊಡುತ್ತಾಳೆ, ಭಾವ ಸ್ಕೂಟರಿನಲ್ಲಿ ಬಸ್ ಸ್ಟಾಪಿಗೆ ಬಿಡುತ್ತಾರೆ. ಖರ್ಚೇನಿಲ್ಲ ಅಂದುಕೊಳ್ಳಬೇಡಿ. ಒಂದು ಕೆಜಿ ಹಣ್ಣು, ಮಕ್ಕಳಿಗೆ ಚಾಕೊಲೇಟು, ಜೊತೆಗೆ ರಾತ್ರಿ ಹನ್ನೊಂದರ ತನಕ ಆಸ್ತಿ ಮಾತು.

ಕಳಿಸಿಕೊಡುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಗನೋ ಮಗಳೋ ಅಮೆರಿಕಕ್ಕೆ ಹೊರಟರೆ ನಮ್ಮ ಬೀದಿಗಳಲ್ಲಿ ಇವತ್ತಿಗೂ ಟೆಂಪೊ ಟ್ರಾವೆಲರ್ ನಿಲ್ಲುತ್ತದೆ. ಹೋಗುವವರು ಒಬ್ಬರು, ಬಿಡುವವರು ಹನ್ನೆರಡು ಜನ. ಒಳಗೆ ಬಿಡುವುದು ಟಿಕೆಟ್ ಇದ್ದವರನ್ನ ಮಾತ್ರ, ಬಾಗಿಲಲ್ಲಿ ಸಿಐಎಸ್‌ಎಫ್‌ನವರು ತಡೆದ ಮೇಲೆ ಗಾಜಿನ ಈಚೆ ಹನ್ನೊಂದು ಜನ ಕೈ ಬೀಸುತ್ತಿರುತ್ತಾರೆ, ಹನ್ನೆರಡನೆಯವರು ಪಾರ್ಕಿಂಗ್ ಬಿಲ್ ಏರುತ್ತಿದೆ ಅಂತ ಡ್ರೈವರ್ ಜೊತೆ ಇರುತ್ತಾರೆ. ಇದನ್ನ ತಮಾಷೆ ಮಾಡುವವರನ್ನ ಕಂಡರೆ ನನಗೆ ಆಗುವುದಿಲ್ಲ. ಎರಡು ವರ್ಷ ಮುಖ ನೋಡೋಕಾಗದವರಿಗೆ ಎರಡು ಗಂಟೆ ಒಟ್ಟಿಗೆ ಕೂತು ಹರಟೆ ಹೊಡೆದು ಹೋಗುವುದು ದಂಡದ ಖರ್ಚಲ್ಲ. ಹೊರಡುವ ಮುಂಚೆ ಪೆಟ್ಟಿಗೆ ಮಾತ್ರ ತೂಕ ಮಾಡಿ. ಚಟ್ನಿಪುಡಿ ಡಬ್ಬಿಗಳನ್ನ ಕೌಂಟರ್ ಮುಂದೆ ನೆಲದ ಮೇಲೆ ಹರಡಿಕೊಂಡು, ಹಪ್ಪಳ ಇರಲಾ, ಹುಳಿಪುಡಿ ಇರಲಾ ಅಂತ ಫೋನಿನಲ್ಲಿ ಅಮ್ಮನನ್ನು ಕೇಳುತ್ತಿದ್ದ ಹುಡುಗನನ್ನು ನೋಡಿದ್ದೇನೆ. ಹುಳಿಪುಡಿ ಗೆದ್ದಿತು.

ಇನ್ನು ಬರುವುದು. ಇಲ್ಲಿ ಎಲ್ಲ ತಲೆಕೆಳಗು. ಇಳಿದು ಬ್ಯಾಗ್ ತಗೊಂಡು ಹೊರಗೆ ಬಂದ ತಕ್ಷಣ ಜನ ಮೊದಲು ಮಾಡುವುದು ಕ್ಯಾಬ್ ಆ್ಯಪ್ ತೆರೆಯುವುದು. ವಿಮಾನಗಳು ಸಾಲಾಗಿ ಇಳಿಯುವ ಹೊತ್ತಾದರೆ ಎಲ್ಲರೂ ಒಟ್ಟಿಗೆ ತೆರೆದಿರುತ್ತಾರೆ, ರೇಟು ಆಕಾಶಕ್ಕೆ. ಸಾಲದ್ದಕ್ಕೆ ಕ್ಯಾಬ್ ನಿಲ್ಲುವ ಜಾಗಕ್ಕೆ ನಡೆಯಬೇಕು, ಅಲ್ಲಿ ಸಾಲು. ನಾನು ಸೀದಾ ಬಸ್ಸಿನ ಕಡೆ ಹೋಗುತ್ತೇನೆ. ಹಗಲಾದರೂ ರಾತ್ರಿ ಎಂಟಾದರೂ ಕೆಐಎ-9 ಹತ್ತಿ, ಕಿಟಕಿ ಸೀಟು ಹಿಡಿದು, ಕಂಡಕ್ಟರಿಗೆ ಮೆಜೆಸ್ಟಿಕ್ ಅಂತ ಹೇಳಿ ಕಣ್ಣು ಮುಚ್ಚಿದರೆ ಹೆಬ್ಬಾಳದ ಜಾಮ್ ಇನ್ನೊಬ್ಬರ ತಲೆನೋವು. ಅದು ಕೊನೆಯ ನಿಲ್ದಾಣ, ಇಳಿಯುವ ಜಾಗ ದಾಟಿ ಹೋಗುವ ಭಯವೂ ಇಲ್ಲ. ಅಲ್ಲಿ ಬೇಕಿದ್ದರೆ ಒಂದು ಕಾಫಿ ಕುಡಿದು ಮೆಟ್ರೊ ಹತ್ತಿದರಾಯಿತು.

ಕ್ಯಾಬ್ ಬೇಕೇಬೇಕು ಅಂದರೆ ಮೆಟ್ರೊ ಇಳಿದ ಮೇಲೆ ತಗೊಳ್ಳಿ. ಕೆಂಗೇರಿ ಬಸ್ ಟರ್ಮಿನಲ್ ಮೆಟ್ರೊ ನಿಲ್ದಾಣದಿಂದ ಮನೆಗೆ ಆಟೋದವರು ಬೇಡ ಅನ್ನುವುದಿಲ್ಲ. ‘ನಮ್ಮ ಯಾತ್ರಿ’ ಆಟೋ ಆ್ಯಪ್ ಬಂದ ಮೇಲೆ ಆ ಸಣ್ಣ ದೂರದ ಚೌಕಾಸಿ ಕೂಡ ಕಡಿಮೆಯಾಗಿದೆ.

ತೊಡಕಿರುವುದು ರಾತ್ರಿ ಹತ್ತರ ಮೇಲೆ ಇಳಿಯುವವರಿಗೆ. ಮೆಟ್ರೊ ಹನ್ನೊಂದರ ಸುಮಾರಿಗೆ ಮುಗಿಯುತ್ತ ಬರುತ್ತದೆ, ಏರ್‌ಪೋರ್ಟಿನಿಂದ ಮೆಜೆಸ್ಟಿಕ್ಕಿಗೆ ರಾತ್ರಿಯಾದರೂ ಒಂದು ಗಂಟೆ ಹಿಡಿಯುತ್ತೆ. ಒಂಬತ್ತೂವರೆಗೆ ಬಸ್ಸಿನಲ್ಲಿ ಕೂತಿದ್ದರೆ ಸರಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಆಗ ಏರ್‌ಪೋರ್ಟಿನಿಂದಲೇ ಕ್ಯಾಬ್ ಮಾಡಿಕೊಂಡು ಬರುವುದು. ಹಣ ಹೋಗುತ್ತೆ, ಆದರೆ ಆ ಹೊತ್ತಿಗೆ ರಸ್ತೆ ಖಾಲಿ, ಸರತಿಯಲ್ಲಿ ಕಾದ ಡ್ರೈವರುಗಳಲ್ಲಿ ಒಬ್ಬರಾದರೂ ನಮ್ಮ ಕಡೆಯವರು ಇರುತ್ತಾರೆ, ಮನೆಗೆ ಹೋಗುವ ದಾರಿಯಲ್ಲೇ ಬಾಡಿಗೆ ಸಿಕ್ಕಿತು ಅಂತ ಖುಷಿಯಲ್ಲಿ ಕರೆದುಕೊಂಡು ಬರುತ್ತಾರೆ. ಹೆಂಗಸರು ಒಬ್ಬರೇ ಇದ್ದರೆ ಮಹಿಳೆಯರೇ ಓಡಿಸುವ ಗುಲಾಬಿ ಟ್ಯಾಕ್ಸಿಗಳನ್ನ 2019ರಲ್ಲಿ ಶುರು ಮಾಡಿದ್ದರು, ವಿಚಾರಿಸಿ ನೋಡಬಹುದು. ಬೆಳಗಿನ ಜಾವ ಮೂರು ನಾಲ್ಕಕ್ಕೆ ಇಳಿಯುವವರಿಗೆ ನನ್ನ ಸಲಹೆ ಬೇರೆ. ಅಲ್ಲೇ ಒಂದು ಕುರ್ಚಿ ಹಿಡಿದು ಕೂತು, ನಾಲ್ಕೂವರೆಯ ಆಸುಪಾಸಿನ ಬಸ್ಸು ಹತ್ತಿ. ಭಾನುವಾರ ಬಿಟ್ಟರೆ, ಮೆಜೆಸ್ಟಿಕ್ ತಲುಪುವ ಹೊತ್ತಿಗೆ ಮೆಟ್ರೊ ಬಾಗಿಲು ತೆರೆದಿರುತ್ತೆ.

ಮೈಸೂರಿನವರನ್ನ ಕಂಡರೆ ಮಾತ್ರ ಹೊಟ್ಟೆಕಿಚ್ಚು. ಅವರಿಗೆ ಕೆಎಸ್ಆರ್‌ಟಿಸಿ ಫ್ಲೈಬಸ್ ಇದೆ, ಅಲ್ಲಿ ಹತ್ತಿದರೆ ಏರ್‌ಪೋರ್ಟಿನ ಮುಂದೆಯೇ ಇಳಿಯುವುದು. ನಮಗಿಂತ ನೂರು ಕಿಲೋಮೀಟರ್ ಆಚೆ ಇದ್ದುಕೊಂಡು ನಮಗಿಂತ ಆರಾಮಾಗಿ ಬರುತ್ತಾರೆ.

ರೈಲಿನ ಬಗ್ಗೆ ಕೇಳುವವರೂ ಇದ್ದಾರೆ. 2021ರ ಜನವರಿಯಿಂದ ಏರ್‌ಪೋರ್ಟ್ ಹತ್ತಿರ ಒಂದು ಹಾಲ್ಟ್ ಸ್ಟೇಷನ್ ಇದೆ, ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳೇ ಹಳಿಯ ಮೇಲೆ. ಆ ದಾರಿಯ ದೊಡ್ಡಜಾಲದಂಥ ಕಲ್ಲು ಕಟ್ಟಡದ ಪುಟ್ಟ ಸ್ಟೇಷನ್ನುಗಳನ್ನ ನೋಡೋಕೆ ಚೆಂದ. ಟಿಕೆಟ್ ಟೀ ಕಾಸಿನಷ್ಟು. ಆದರೆ ರೈಲು ಬೆರಳೆಣಿಕೆಯಷ್ಟು, ಹೊತ್ತು ಕೂಡಿ ಬರಬೇಕು. ಏರ್‌ಪೋರ್ಟಿನಲ್ಲಿ ಕೆಲಸ ಮಾಡುವವರಿಗೆ ಚೆನ್ನ. ವಿಮಾನ ಹಿಡಿಯುವ ನಮಗಲ್ಲ.

ಮುಂದೆ ಸುಧಾರಿಸುತ್ತಾ? ಕಾಗದದ ಮೇಲೆ ಎಲ್ಲ ಇದೆ. ಮೆಟ್ರೊ ನೀಲಿ ಮಾರ್ಗ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳ, ಯಲಹಂಕದ ಮೇಲೆ ಏರ್‌ಪೋರ್ಟಿಗೆ, ಒಟ್ಟು 58 ಕಿಲೋಮೀಟರ್. 2021ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಕಂಬಗಳನ್ನ ಬಸ್ಸಿನ ಕಿಟಕಿಯಿಂದ ಎಣಿಸುತ್ತ ಬಂದಿದ್ದೇನೆ. ಅದು ಬಂದರೆ ಸಾಫ್ಟ್‌ವೇರ್ ಬೆಲ್ಟಿನವರಿಗೆ ಹಬ್ಬ. ನಾವು ಆಗಲೂ ಊರೊಳಗೆ ಹೋಗಿ ಬದಲಾಯಿಸಬೇಕು. ನಮ್ಮ ಪಾಲಿಗೆ ನಿಜವಾಗಿ ಬೇಕಾಗಿದ್ದು ಉಪನಗರ ರೈಲು. ನಾಲ್ಕು ಮಾರ್ಗಕ್ಕೆ ಹೂವಿನ ಹೆಸರು ಇಟ್ಟಿದ್ದಾರೆ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಪಾರಿಜಾತ, ಮೆಜೆಸ್ಟಿಕ್‌ನ ರೈಲ್ವೆ ಸ್ಟೇಷನ್ನಿನಿಂದ ಯಲಹಂಕ ದಾಟಿ ದೇವನಹಳ್ಳಿಗೆ ಸಂಪಿಗೆ. ಪಾರಿಜಾತ ಹತ್ತಿ ಸಂಪಿಗೆಗೆ ಬದಲಾಯಿಸಿದರೆ ನಮ್ಮ ಮನೆಯಿಂದ ವಿಮಾನದವರೆಗೆ ಹಳಿಯ ಮೇಲೇ ಹೋಗಬಹುದು. 2022ರ ಜೂನಿನಲ್ಲಿ ಶಂಕುಸ್ಥಾಪನೆಯೂ ಆಯಿತು. ಆದರೆ ಮೊದಲು ಕೈಗೆತ್ತಿಕೊಂಡದ್ದು ಮಲ್ಲಿಗೆ, ಕನಕ ಎರಡನ್ನ. ನಮ್ಮ ಎರಡು ಹೂವೂ ಇನ್ನೂ ಮೊಗ್ಗು.

ಇನ್ನೊಂದು ಸುದ್ದಿ ಎರಡನೇ ಏರ್‌ಪೋರ್ಟಿನದು. ಈಗಿನ ಏರ್‌ಪೋರ್ಟಿನ ಒಪ್ಪಂದದ ಪ್ರಕಾರ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣ ಶುರು ಮಾಡುವಂತಿಲ್ಲ, 2033ರವರೆಗೆ. ಅದಕ್ಕೆ ಈಗಲೇ ಜಾಗ ಹುಡುಕುತ್ತಿದ್ದಾರೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿ ಹೋದದ್ದು ಮೂರು ಜಾಗ. ಎರಡು ಕನಕಪುರ ರಸ್ತೆಯಲ್ಲಿ, ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ. ಕನಕಪುರ ರಸ್ತೆಗೆ ಬಂದರೆ ನೈಸ್ ರಸ್ತೆ ಹಿಡಿದು ನಾವು ಅರ್ಧ ಗಂಟೆ. ಈ ಸುದ್ದಿ ಬಂದ ದಿನ ನಾನು ಯಲಹಂಕಕ್ಕೆ ಫೋನ್ ಮಾಡಿದೆ, ಸುಮ್ನೆ ಇರೋಕಾಗಲಿಲ್ಲ. ಅಕ್ಕ ಎಲ್ಲ ಕೇಳಿಸಿಕೊಂಡು, “ಬರ್ಲಿ ಬಿಡೋ, ಹಿಂದಿನ ರಾತ್ರಿ ನಿಮ್ಮನೇಗೆ ಬಂದು ಮಲಗ್ತೀವಿ, ಚಪಾತಿಗೆ ಹಿಟ್ಟು ಕಲಸಿಡೋಕೆ ಹೇಳು ನಿನ್ನ ಹೆಂಡ್ತಿಗೆ” ಅಂದಳು. ಕುಣಿಗಲ್ ರಸ್ತೆಗೆ ಹೋಯಿತು ಅಂದರೆ ಮಾತ್ರ ಇಬ್ಬರೂ ಡ್ರೈವರ್ ಅಣ್ಣನಿಗೇ ಫೋನ್ ಮಾಡಬೇಕು.